ಎರಡನೇ ಸೂಜಿ ತಪ್ಪಿದೆ, ಈಗ ಏನು ಮಾಡಲಿ?

ಮುಂಬಯಿಯ ಮುಲುಂಡ್‌ನ ಓದುಗರೊಬ್ಬರ ಪತ್ರ: ನಮ್ಮ ಚಾಳಿನಲ್ಲಿ ಒಂದು ಮಗುವಿಗೆ ಗೋವರ್, ಅಂದರೆ ದಡಾರ, ಬಂದಿದೆ. ನನ್ನ ಮಗಳಿಗೆ ಎರಡೂವರೆ ವರ್ಷ. ಒಂಬತ್ತನೇ ತಿಂಗಳಿಗೆ ಸೂಜಿ ಹಾಕಿಸಿದ್ದೆ, ಆಮೇಲೆ ಜ್ವರ ಬಂತು. ಎರಡನೆಯದರ ಹೊತ್ತಿಗೆ ಊರಲ್ಲಿದ್ದೆವು, ತಪ್ಪಿಹೋಯಿತು. ‘ಅಮ್ಮ ಎಲ್ಲರಿಗೂ ಒಂದು ಸಲ ಬರೋದೇ, ಬಂದು ಹೋಗಲಿ ಬಿಡು’ ಅನ್ನುತ್ತಾರೆ ಅತ್ತೆ. ಪಕ್ಕದ ಮನೆಯಲ್ಲಿ ಏಳು ತಿಂಗಳ ಕೂಸೂ ಇದೆ.

ಸಂಪಾದಕರ ಉತ್ತರ:

ನಮಸ್ಕಾರ. ತಡವಾಗಿಲ್ಲ. ನಾಳೆಯೇ ಕರೆದುಕೊಂಡು ಹೋಗಿ. ಮೊದಲಿನಿಂದ ಶುರುಮಾಡಬೇಕಿಲ್ಲ, ಬಾಕಿ ಇರುವ ಒಂದು ಡೋಸ್ ಸಾಕು. ಅದರ ಸಮಯ 16ರಿಂದ 24 ತಿಂಗಳು. ತಪ್ಪಿದವರಿಗೆ ಐದು ವರ್ಷದವರೆಗೂ ಹಾಕುತ್ತಾರೆ. ಮುನ್ಸಿಪಾಲ್ಟಿ ದವಾಖಾನೆಯಲ್ಲಿ ದುಡ್ಡು ಕೊಡಬೇಕಿಲ್ಲ. ಕಾಯಿಲೆ ಮಗುವಿನ ಹತ್ತಿರ ಆಡಿದ್ದರೆ ಇನ್ನೂ ಬೇಗ ಹೋಗಿ. ಸೋಂಕು ತಗುಲಿದ 72 ಗಂಟೆಯೊಳಗೆ ಹಾಕಿಸಿದರೆ ಕಾಯಿಲೆ ತಪ್ಪಬಹುದು.

ಒಂದು ಸೂಜಿ ಯಾಕೆ ಸಾಲದು? ತಾಯಿಯಿಂದ ಬಂದ ರಕ್ಷಣೆ ಒಂಬತ್ತು ತಿಂಗಳಲ್ಲೂ ಕೆಲವು ಮಕ್ಕಳ ಮೈಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅದು ಲಸಿಕೆಯನ್ನೇ ತಡೆದುಬಿಡುತ್ತದೆ. ಹಾಗಾಗಿ ಆ ವಯಸ್ಸಲ್ಲಿ ನೂರರಲ್ಲಿ ಸುಮಾರು 85 ಮಕ್ಕಳಿಗಷ್ಟೇ ಲಸಿಕೆ ಹಿಡಿಯುತ್ತದೆ. ನಿಮ್ಮ ಮಗಳು ಉಳಿದ ಹದಿನೈದರಲ್ಲಿದ್ದಾಳೋ ಇಲ್ಲವೋ ಅಂತ ನೋಡಿ ಹೇಳೋಕೆ ಆಗಲ್ಲ. ಅದಕ್ಕೇ ಎಲ್ಲರಿಗೂ ಎರಡನೆಯದು.

ಆ ಜ್ವರಕ್ಕೆ ಹೆದರಬೇಡಿ. ಲಸಿಕೆಯಲ್ಲಿರುವುದು ಜೀವಂತ, ಆದರೆ ಬಲ ಕಳೆದ ವೈರಸ್. ವಾರ, ಹತ್ತು ದಿನ ಕಳೆದ ಮೇಲೆ ಕೆಲವರಿಗೆ ಮೈ ಬಿಸಿಯಾಗುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರದ ಜ್ವರ ಹಾಗಲ್ಲ. ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಕೆಮ್ಮು ಬಿಡುವುದಿಲ್ಲ, ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಏಳುತ್ತವೆ. ಆಮೇಲೆ ಕಿವಿಯ ಹಿಂದಿನಿಂದ ಗುಳ್ಳೆ ಶುರುವಾಗಿ ಮುಖ, ಎದೆ, ಕಾಲಿನವರೆಗೆ ಇಳಿಯುತ್ತವೆ. ಗುಳ್ಳೆ ಕಾಣುವ ನಾಲ್ಕು ದಿನ ಮೊದಲೇ ಆ ಮಗು ಬೇರೆಯವರಿಗೆ ಹರಡುತ್ತಿರುತ್ತದೆ. ಅದು ಕೋಣೆಯಿಂದ ಎದ್ದುಹೋದ ಎರಡು ಗಂಟೆಯವರೆಗೂ ವೈರಸ್ ಗಾಳಿಯಲ್ಲಿರಬಹುದು. ಚಾಳಿನ ಒಂದೇ ಪಡಸಾಲೆಯಲ್ಲಿ ಇದು ಎಷ್ಟು ಬೇಗ ಓಡುತ್ತದೆ ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಅತ್ತೆಯವರ ಜೊತೆ ಜಗಳ ಬೇಡ. ಅವರ ಕಾಲದಲ್ಲಿ ಅಮ್ಮ ಬರದ ಮನೆಯೇ ಇರಲಿಲ್ಲ. ಆದರೆ ಬಂದವಳು ಎಲ್ಲ ಮನೆಯಿಂದಲೂ ಸುಮ್ನೆ ಹೋಗಲಿಲ್ಲ. ನ್ಯುಮೋನಿಯಾ, ಭೇದಿ, ಕಿವಿ ಸೋರುವುದು, ಮಿದುಳಿನ ಊತ, ಎಷ್ಟೋ ಮಕ್ಕಳಿಗೆ ಕಣ್ಣೇ ಹೋಯಿತು. ಬೇರೆ ರೋಗಗಳ ವಿರುದ್ಧ ಮೈ ಕಲಿತ ರಕ್ಷಣೆಯನ್ನೂ ದಡಾರ ಅಳಿಸಿಹಾಕುತ್ತದೆ. ವಾಸಿಯಾದ ಮೇಲೂ ಮಗು ಪದೇ ಪದೇ ಹಾಸಿಗೆ ಹಿಡಿಯುವುದು ಇದರಿಂದಲೇ. 2022ರಲ್ಲಿ ನಮ್ಮ ಗೋವಂಡಿಯಲ್ಲಿ ಮಕ್ಕಳು ತೀರಿಕೊಂಡದ್ದು ಇದೇ ಕಾಯಿಲೆಯಿಂದ. ಬೇವಿನ ಸೊಪ್ಪು ಕಟ್ಟಲಿ, ಮಗುವನ್ನು ಬೇರೆ ಮಲಗಿಸಲಿ, ಅದು ಒಳ್ಳೆಯದೇ. ಡಾಕ್ಟರ ಹತ್ತಿರ ಹೋಗುವುದನ್ನು, ಅವರು ಕೊಡುವ ವಿಟಮಿನ್ ಎ ಡೋಸನ್ನು ಮಾತ್ರ ತಪ್ಪಿಸಬಾರದು.

ಸೀತಾಳೆ ಸಿಡುಬಿಗೂ ಅಮ್ಮ ಅಂತಲೇ ಅನ್ನುತ್ತೇವೆ. ಅದರ ಲಸಿಕೆ ಬೇರೆ, ದುಡ್ಡು ಕೊಟ್ಟು ಖಾಸಗಿಯಲ್ಲಿ ಹಾಕಿಸಬೇಕು. ಎರಡನ್ನೂ ಒಂದೇ ದಿನ ಹಾಕಿಸಿ, ಇಲ್ಲವೇ ನಾಲ್ಕು ವಾರ ಬಿಡಿ.

ಇನ್ನು ಪಕ್ಕದ ಮನೆಯ ಕೂಸು. ನನಗೆ ಜಾಸ್ತಿ ಚಿಂತೆ ಅದರದ್ದೇ. ಅದಕ್ಕೆ ಇನ್ನೂ ಸೂಜಿಯ ವಯಸ್ಸಾಗಿಲ್ಲ, ಸುತ್ತಲಿನ ಮಕ್ಕಳಿಗೆ ಬರದಿದ್ದರೆ ಮಾತ್ರ ಅದು ಸುರಕ್ಷಿತ. ದವಾಖಾನೆಗೆ ಹೋದಾಗ ಚಾಳಿನಲ್ಲಿ ಗೋವರ್ ಇದೆ ಅಂತ ತಿಳಿಸಿ, ಆ ತಾಯಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. 2022ರಲ್ಲಿ ಕಾಯಿಲೆ ಜೋರಾಗಿದ್ದ ಕಡೆ ಆರು ತಿಂಗಳು ತುಂಬಿದ ಕೂಸುಗಳಿಗೂ ಒಂದು ಹೆಚ್ಚಿನ ಡೋಸ್ ಕೊಡಲು ಹೇಳಿದ್ದರು. ಈಗಲೂ ಬೇಕೇ ಅಂತ ಅಲ್ಲಿನ ಡಾಕ್ಟರೇ ಹೇಳುತ್ತಾರೆ. ಹಾಕಿದರೂ ಅದು ಲೆಕ್ಕಕ್ಕಿಲ್ಲ, ಒಂಬತ್ತು ತಿಂಗಳಾದ ಮೇಲಿನ ಎರಡೂ ಸೂಜಿ ಹಾಕಿಸಲೇಬೇಕು ಅಂತ ಅವರಿಗೆ ಹೇಳಿ.