ಮೊದಲ ಗಿಟಾರ್: ಸ್ಟೀಲ್ ತಂತಿಯದ್ದಾ, ನೈಲಾನ್ ತಂತಿಯದ್ದಾ?

ಹಾಡಿನ ಜೊತೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಕೆಲವು ಸ್ವರಗಳನ್ನು, ಹಿಡಿದು ನುಡಿಸುವ ಆಸೆಯಿದ್ದರೆ ಸ್ಟೀಲ್ ತಂತಿಯ ಅಕೌಸ್ಟಿಕ್ ತಗೊಳ್ಳಿ. ಬೆರಳಲ್ಲೇ ಮೀಟುವ ಸ್ಪ್ಯಾನಿಷ್ ಶೈಲಿ ಇಷ್ಟವಾದರೆ ನೈಲಾನ್ ತಂತಿಯ ಕ್ಲಾಸಿಕಲ್.

ಹೊಸಬರಿಗೆ ನೈಲಾನೇ ಸುಲಭ ಅನ್ನುತ್ತಾರಲ್ವಾ, ಅದು ಅರ್ಧ ನಿಜ. ಅದರ ಬಿಗಿತ ಸ್ಟೀಲ್ ತಂತಿಯ ಸುಮಾರು ಅರ್ಧದಷ್ಟೇ. ಹಾಗಾಗಿ ಬೆರಳ ತುದಿ ಅಷ್ಟು ಉರಿಯುವುದಿಲ್ಲ. ಆದರೆ ಕ್ಲಾಸಿಕಲ್‌ನ ಕತ್ತು ತುದಿಯಲ್ಲಿ ಸುಮಾರು 52 ಮಿ.ಮೀ. ಅಗಲ, ಅಕೌಸ್ಟಿಕ್‌ನದು 43ರ ಆಸುಪಾಸು. ಸಣ್ಣ ಕೈಯವರಿಗೆ, ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿಯುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಬಣ್ಣಕ್ಕಿಂತ ಮೊದಲು ತಂತಿಯ ಎತ್ತರ ನೋಡಿ. ಅಕೌಸ್ಟಿಕ್‌ನಲ್ಲಿ ದಪ್ಪ ತಂತಿ 12ನೇ ಫ್ರೆಟ್‌ನಿಂದ, ಅಂದರೆ ಕತ್ತಿನ ಮೇಲಿನ 12ನೇ ಲೋಹದ ಪಟ್ಟಿಯಿಂದ, 3 ಮಿ.ಮೀ.ಗಿಂತ ಜಾಸ್ತಿ ಮೇಲಿದ್ದರೆ ಇಳಿಸಿಕೊಡಲು ಹೇಳಿ. ಕ್ಲಾಸಿಕಲ್‌ಗೆ ಮಾತ್ರ ಸ್ಟೀಲ್ ತಂತಿ ಹಾಕಲೇಬೇಡಿ. ಆ ಎಳೆತಕ್ಕೆ ಬ್ರಿಡ್ಜೇ, ಅಂದರೆ ಗಿಟಾರ್ ಮೈಮೇಲೆ ತಂತಿ ಕಟ್ಟುವ ಪಟ್ಟಿಯೇ, ಕಿತ್ತು ಬರಬಹುದು.