ಇರಬೇಕಾದ ಓವರ್‌ಕ್ಲಾಕ್ ಇಲ್ಲ, ಇರಬಾರದ್ದು ಇದೆ

ಕಾರವಾರದ ಕೋಡಿಬಾಗದಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಇಷ್ಟು: ‘ನಾಲ್ಕು ವರ್ಷದ ಹಿಂದೆ ಜೋಡಿಸಿದ ಗೇಮಿಂಗ್ ಕಂಪ್ಯೂಟರ್. ಪ್ರೊಸೆಸರ್ ರೈಜನ್ 5 5600ಎಕ್ಸ್, ಬಯಾಸ್‌ನಲ್ಲಿ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ) ಎಲ್ಲ ಕೋರ್‌ಗಳನ್ನೂ 4.7 ಗಿಗಾಹರ್ಟ್ಸ್‌ಗೆ ನಿಲ್ಲಿಸಿದ್ದೇನೆ. 16 ಜಿಬಿ ಡಿಡಿಆರ್4 3600 ರ್‍ಯಾಮ್. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3070 ಟಿಐ, ಕ್ರಿಪ್ಟೋ ಮೈನಿಂಗ್‌ನಲ್ಲಿ ದುಡಿದ ಸೆಕೆಂಡ್ ಹ್ಯಾಂಡ್ ಮಾಲು. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಅದರ ಮೆಮೊರಿಯ ವೇಗವನ್ನು 1200 ಮೆಗಾಹರ್ಟ್ಸ್ ಏರಿಸಿದ್ದೇನೆ. ಬೇಸಿಗೆಯಲ್ಲಿ 1440ಪಿ ರೆಸಲ್ಯೂಷನ್‌ನಲ್ಲಿ 100ರ ಮೇಲೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಬರುತ್ತಿತ್ತು. ಮಳೆಗಾಲ ಹಿಡಿದ ಮೇಲೆ ಆಟ ಶುರುವಿನಿಂದಲೇ ಎಡವುತ್ತದೆ, 20 ನಿಮಿಷ ಕಳೆದರೆ 70ಕ್ಕೆ ಬೀಳುತ್ತದೆ. ಜಿಪಿಯು (ಕಾರ್ಡಿನ ಮುಖ್ಯ ಚಿಪ್ಪು) ತಾಪ 74 ಡಿಗ್ರಿ ಅಷ್ಟೇ. ಒಮ್ಮೆಯೂ ಕ್ರ್ಯಾಶ್ ಆಗಿಲ್ಲ. ಡ್ರೈವರ್ ಎರಡು ಸಲ ಬದಲಿಸಿದೆ. ಅಂಗಡಿಯವರು ಪವರ್ ಸಪ್ಲೈ ಹೋಗಿದೆ ಅನ್ನುತ್ತಾರೆ, ಅಣ್ಣ ಉಪ್ಪುಗಾಳಿ ಕಾರ್ಡನ್ನು ತಿಂದಿದೆ ಅನ್ನುತ್ತಾನೆ. ಹೊಸ ಕಾರ್ಡ್ ತಗೊಳ್ಳಲೇ?’

ತಗೊಳ್ಳಬೇಡಿ. ಕನಿಷ್ಠ ಈ ಪತ್ರದ ಉತ್ತರ ಓದಿ ಮುಗಿಸುವವರೆಗೆ ತಗೊಳ್ಳಬೇಡಿ.

ನಿಮ್ಮ ಪತ್ರದ ಮೊದಲ ಪುಟದಲ್ಲಿ ಬರೀ ಅಂಕಿಗಳಿವೆ, ಅದರಲ್ಲಿ ನನಗೇನೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಎರಡನೇ ಪುಟದ ತುದಿಯಲ್ಲಿ, ನೀವು ಮಾತಿಗೆ ಮಾತು ಎಂಬಂತೆ ಬರೆದು ಬಿಟ್ಟ ಮೂರು ಸಾಲುಗಳಲ್ಲಿ. ಒಂದು, ಗುಡುಗಿಗೆ ಹೆದರಿ ಅಮ್ಮ ದಿನಾ ರಾತ್ರಿ ಪ್ಲಗ್ ಕಿತ್ತಿಡುತ್ತಾರೆ. ಎರಡು, ಒಂದೆರಡು ಸಲ ಕಂಪ್ಯೂಟರಿನ ತಾರೀಖು ಹಿಂದಕ್ಕೆ ಹೋಗಿ ಬ್ರೌಸರ್ ಯಾವ ಪುಟವನ್ನೂ ತೆರೆಯದೆ ಹಟ ಹಿಡಿಯಿತು. ಮೂರು, ಕಿಟಕಿ ಸೋರುತ್ತದೆಂದು ಮೇಜನ್ನು ಮೂಲೆಗೆ ತಳ್ಳಿದ್ದೀರಿ.

ತಾರೀಖಿನಿಂದಲೇ ಶುರುಮಾಡೋಣ. ಮದರ್‌ಬೋರ್ಡಿನ ಮೇಲೆ ಎಂಟಾಣೆ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ, ಸಿಆರ್ 2032, 3 ವೋಲ್ಟ್. ಪ್ಲಗ್ ಗೋಡೆಯಲ್ಲಿ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ, ಪವರ್ ಸಪ್ಲೈಯಿಂದ ಬರುವ ಸಣ್ಣ ಸ್ಟ್ಯಾಂಡ್‌ಬೈ ಕರೆಂಟು ಆ ಸೆಲ್ಲಿನ ಕೆಲಸ ಮಾಡಿಕೊಡುತ್ತದೆ. ಪ್ಲಗ್ ಕಿತ್ತ ಗಳಿಗೆಯಿಂದ ಗಡಿಯಾರ ನಡೆಸುವ ಹೊಣೆ ಪೂರಾ ಸೆಲ್ಲಿನ ಮೇಲೆ. ನಿಮ್ಮ ಸೆಲ್ಲಿಗೆ ನಾಲ್ಕು ವರ್ಷ. ಅದೂ ಬಹಳಷ್ಟು ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಯ ಕೆಳಗೇ ಕುಳಿತಿರುತ್ತದೆ, ದಿನವಿಡೀ ಬಿಸಿ ಕುಡಿಯುತ್ತ. ಬೇಸಿಗೆಯಲ್ಲಿ ಪ್ಲಗ್ ಕೀಳುವವರಿಲ್ಲದ ಕಾರಣ ಅದು ಸತ್ತಿರುವುದು ಯಾರಿಗೂ ಗೊತ್ತಾಗಲಿಲ್ಲ. ಜೂನ್‌ನಲ್ಲಿ ಗೊತ್ತಾಯಿತು.

ಸೆಲ್ ಕೈಕೊಟ್ಟಾಗ ಗಡಿಯಾರದ ಜೊತೆಗೆ ಬಯಾಸ್‌ನಲ್ಲಿ ನೀವು ಬದಲಿಸಿದ್ದೂ ಬಹಳ ಸಲ ಅಳಿಸಿಹೋಗುತ್ತದೆ. ಕೆಲವು ಬೋರ್ಡ್‌ಗಳು ಬೆಳಿಗ್ಗೆ ‘ಎಫ್1 ಒತ್ತಿ’ ಎಂದು ತಿಳಿಸುತ್ತವೆ. ಕೆಲವು ಏನೂ ಹೇಳದೆ ವಿಂಡೋಸ್‌ಗೆ ಹೋಗಿಬಿಡುತ್ತವೆ. ಅಂದರೆ ನೀವು ಹೆಮ್ಮೆಯಿಂದ ಬರೆದ 4.7 ಗಿಗಾಹರ್ಟ್ಸ್ ಈಗ ನಿಮ್ಮ ಪತ್ರದಲ್ಲಿ ಮಾತ್ರ ಇದೆ ಅಂತ ನನ್ನ ಅನುಮಾನ. ಅದು ಹೋದರೆ ದುಃಖವಿಲ್ಲ. 5600ಎಕ್ಸ್ ತನ್ನಷ್ಟಕ್ಕೆ ತಾನೇ 4.6ರವರೆಗೆ ಏರುವ ಚಿಪ್ಪು, ಆಟದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ದುಃಖ ಪಡಬೇಕಾದದ್ದು ರ್‍ಯಾಮ್‌ಗಾಗಿ.

ಡಬ್ಬದ ಮೇಲೆ 3600 ಎಂದಿರುವ ರ್‍ಯಾಮ್ ಹುಟ್ಟಿನಿಂದ 3600 ಅಲ್ಲ. ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಹಾಕಿದರೆ ಮಾತ್ರ ಆ ವೇಗ. ಅದೂ ಒಂದು ಓವರ್‌ಕ್ಲಾಕೇ, ಅಂದರೆ ಮೂಲ ವೇಗಕ್ಕಿಂತ ಹೆಚ್ಚು ಓಡಿಸುವುದು. ಬಯಾಸ್ ಅಳಿಸಿದರೆ ಅದು 2133 ಅಥವಾ 2666ಕ್ಕೆ ಇಳಿದು ಕೂರುತ್ತದೆ. ಎರಡು ಕಡ್ಡಿ ಹಾಕಿದಾಗ 3600ರಲ್ಲಿ ಸೆಕೆಂಡಿಗೆ 57.6 ಗಿಗಾಬೈಟ್ ಹರಿಯುವ ದಾರಿ 2133ರಲ್ಲಿ 34ಕ್ಕೆ ಕಿರಿದಾಗುತ್ತದೆ. ರೈಜನ್‌ನಲ್ಲಿ ಇನ್ನೊಂದು ಪೆಟ್ಟೂ ಇದೆ: ಚಿಪ್ಪಿನ ಒಳಗೆ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಸಾಮಾನ್ಯವಾಗಿ ರ್‍ಯಾಮ್‌ನ ತಾಳಕ್ಕೇ ಹೆಜ್ಜೆ ಹಾಕುವುದರಿಂದ ಅದೂ 1800ರಿಂದ 1066ಕ್ಕೆ ಕುಂಟುತ್ತದೆ. ಇದರಿಂದ ಸರಾಸರಿ ಎಫ್‌ಪಿಎಸ್‌ಗಿಂತ ಹೆಚ್ಚು ಕೆಡುವುದು ಓಟದ ಸಮ. 100 ಎಫ್‌ಪಿಎಸ್ ಎಂದರೆ ಒಂದೊಂದು ಚಿತ್ರಕ್ಕೆ 10 ಮಿಲಿಸೆಕೆಂಡು. ನೂರರಲ್ಲಿ ಎರಡು ಮೂರು ಚಿತ್ರ 40 ಮಿಲಿಸೆಕೆಂಡು ತಗೊಂಡರೆ ಸರಾಸರಿ ಅಷ್ಟೇನೂ ಇಳಿಯುವುದಿಲ್ಲ, ಆದರೆ ಕೈಗೆ ಗೊತ್ತಾಗುತ್ತದೆ. ನೀವು ‘ಎಡವುತ್ತದೆ’ ಎಂದು ಬರೆದಿರಲ್ಲ, ಅದಕ್ಕಿಂತ ಸರಿಯಾದ ಶಬ್ದ ಇಲ್ಲ.

ನೋಡಲು ಅರ್ಧ ನಿಮಿಷ ಸಾಕು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಸ್ಪೀಡ್ ಎಷ್ಟಿದೆ ಓದಿ. 3600 ಇದ್ದರೆ ಈವರೆಗೆ ನಾನು ಬರೆದದ್ದನ್ನೆಲ್ಲ ಹರಿದುಹಾಕಿ. ಇಲ್ಲದಿದ್ದರೆ ಹೊಸ ಸೆಲ್ ಹಾಕಿ ಎಕ್ಸ್‌ಎಂಪಿ ಮತ್ತೆ ಆನ್ ಮಾಡಿ. ಮಲ್ಟಿಮೀಟರ್ ಇದ್ದರೆ ಹಳೆಯ ಸೆಲ್ ಅಳೆದು ನೋಡಿ, 2.7 ವೋಲ್ಟಿಗಿಂತ ಕೆಳಗಿದ್ದರೆ ಅದರ ಕತೆ ಮುಗಿದಂತೆ. ಅಮ್ಮನ ಜೊತೆ ಮಾತ್ರ ಜಗಳ ಬೇಡ. ಕರಾವಳಿಯ ಸಿಡಿಲಿಗೆ ಪ್ಲಗ್ ಕೀಳುವುದಕ್ಕಿಂತ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ನಾನಂತೂ ನೋಡಿಲ್ಲ. ಡಿಶ್ಶಿನ ವೈರು, ಇಂಟರ್‌ನೆಟ್ಟಿನ ಕೇಬಲ್ಲು ಇದ್ದರೆ ಅವನ್ನೂ ಕೀಳಲು ಹೇಳಿ.

ಅದೇ ಹೊತ್ತಿಗೆ ಮಾನಿಟರ್ ಇನ್ನೂ 144 ಹರ್ಟ್ಸ್‌ನಲ್ಲಿದೆಯೇ ನೋಡಿಬಿಡಿ. ಮೇಜು ಸರಿಸುವಾಗ ಉದ್ದ ಸಾಲದೆ ಮನೆಯಲ್ಲಿದ್ದ ಹಳೆಯ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ, 60 ಹರ್ಟ್ಸ್‌ನಲ್ಲಿ ತಿಂಗಳುಗಟ್ಟಲೆ ಆಡಿದವರಿದ್ದಾರೆ.

ಇನ್ನು 20 ನಿಮಿಷದ ಕುಸಿತ. ಇದು ಬೇರೆಯೇ ಕಾಯಿಲೆ. ಎರಡೂ ಒಂದೇ ತಿಂಗಳಲ್ಲಿ ಬಂದದ್ದಕ್ಕೇ ನೀವು ದಿಕ್ಕು ತಪ್ಪಿದ್ದು.

ಆಫ್ಟರ್‌ಬರ್ನರ್‌ನ ಸೆಟ್ಟಿಂಗ್ ಇರುವುದು ವಿಂಡೋಸ್‌ನಲ್ಲಿ, ಬಯಾಸ್‌ನಲ್ಲಿ ಅಲ್ಲ. ಸೆಲ್ ಸತ್ತರೂ ಅದಕ್ಕೆ ಸಾವಿಲ್ಲ. ಹಾಗಾಗಿ ಬೇಕಾದ ಓವರ್‌ಕ್ಲಾಕ್ ಕಳೆದುಕೊಂಡ ನಿಮ್ಮ ಯಂತ್ರ ಬೇಡದ್ದನ್ನು ಜೋಪಾನವಾಗಿ ಇಟ್ಟುಕೊಂಡಿದೆ. 3070 ಟಿಐನಲ್ಲಿ ಇರುವುದು ಜಿಡಿಡಿಆರ್6ಎಕ್ಸ್ ಮೆಮೊರಿ. ಇದರ ಗುಣ ಒಳ್ಳೆಯದು, ಆದರೆ ಮೋಸದ್ದು. ಹಳೆಯ ಕಾರ್ಡ್‌ಗಳ ಮೆಮೊರಿಯನ್ನು ಅತಿಯಾಗಿ ಏರಿಸಿದರೆ ಪರದೆಯ ಮೇಲೆ ಚುಕ್ಕೆ, ಪಟ್ಟೆ ಎದ್ದು ಆಟ ಬೀಳುತ್ತಿತ್ತು. ತಪ್ಪು ಮಾಡಿದ್ದು ಗೊತ್ತಾಗುತ್ತಿತ್ತು. ಇದರಲ್ಲಿ ಡೇಟಾ ತಪ್ಪಾಗಿ ಬಂದರೆ ಪತ್ತೆ ಹಚ್ಚಿ ಮತ್ತೊಮ್ಮೆ ಕಳಿಸುವ ಏರ್ಪಾಡಿದೆ. ಅಣಶಿ ಘಾಟಿಯಲ್ಲಿ ಬಸ್ಸಿನಿಂದ ಫೋನ್ ಮಾಡಿದರೆ ಏನಾಗುತ್ತದೆ? ‘ಹಾಂ? ಕೇಳ್ಸಲಿಲ್ಲ, ಮತ್ತೆ ಹೇಳು’ ಎಂದು ಎರಡು ನಿಮಿಷದ ಮಾತಿಗೆ ಹತ್ತು ನಿಮಿಷ. ಮಾತು ತಪ್ಪುವುದಿಲ್ಲ, ಕರೆಯೂ ಕಟ್ ಆಗುವುದಿಲ್ಲ, ಹೊತ್ತು ಹೋಗುತ್ತದೆ ಅಷ್ಟೆ. ನಿಮ್ಮ 1200 ಅಂಥದ್ದು. ‘ಒಮ್ಮೆಯೂ ಕ್ರ್ಯಾಶ್ ಆಗಿಲ್ಲ’ ಎಂಬುದನ್ನು ನೀವು ಸಾಕ್ಷಿಯಾಗಿ ಕೊಟ್ಟಿದ್ದೀರಿ. ಈ ಮೆಮೊರಿಯ ಮಟ್ಟಿಗೆ ಆ ಸಾಕ್ಷಿ ನಡೆಯುವುದಿಲ್ಲ.

ಮೇಲಿಂದ ಬಿಸಿ. ಆಫ್ಟರ್‌ಬರ್ನರ್ ತೋರಿಸುವ 74 ಡಿಗ್ರಿ ಜಿಪಿಯು ಚಿಪ್ಪಿನದು. ಅದರ ಸುತ್ತ ಕುಳಿತ ಮೆಮೊರಿಯ ತಾಪ ಬೇರೆ, ಅದನ್ನು ನೋಡಲು ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ‘ಮೆಮೊರಿ ಜಂಕ್ಷನ್’ ಸಾಲು ಹುಡುಕಬೇಕು. ಅದು 110 ಡಿಗ್ರಿ ಮುಟ್ಟಿದರೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಿಪ್ಪು ತಣ್ಣಗೆ 74ರಲ್ಲಿರುವಾಗಲೇ ಮೆಮೊರಿ 108ರಲ್ಲಿ ಬೇಯುತ್ತಿರಬಹುದು, ನಿಮ್ಮ ಕಾರ್ಡಿಗೆ ಅದು ಹೆಚ್ಚು ಸಾಧ್ಯ. ಯಾಕೆಂದರೆ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಮೈನಿಂಗ್ ಮುಖ್ಯವಾಗಿ ದುಡಿಸಿದ್ದು ಚಿಪ್ಪನ್ನಲ್ಲ, ಮೆಮೊರಿಯನ್ನು. ಆ ಮೈನಿಂಗ್ 2022ರ ಸೆಪ್ಟೆಂಬರ್ 15ಕ್ಕೆ ನಿಂತುಹೋಯಿತು. ಆಮೇಲೆ ಇಂಥ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು, ನಿಮ್ಮದೂ ಅದೇ ರಾಶಿಯದಿರಬೇಕು. ಹಗಲು ರಾತ್ರಿ ಬೆಂದ ಮೆಮೊರಿಗೆ ಅಂಟಿಸಿದ, ಅದರ ಬಿಸಿಯನ್ನು ಲೋಹದ ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪ್ಯಾಡ್‌ಗಳು ಎಣ್ಣೆ ಬಿಟ್ಟು ಒಣಗಿ ಗಟ್ಟಿಯಾಗಿರುತ್ತವೆ.

ಆದರೂ ಬೇಸಿಗೆಯಲ್ಲಿ ಚೆನ್ನಾಗಿತ್ತಲ್ಲ, ಮೇ ತಿಂಗಳ ಕಾರವಾರ ಜುಲೈಗಿಂತ ಬಿಸಿಯಲ್ಲವೇ ಎಂದು ಕೇಳಬಹುದು. ಹೌದು. ಮೇ ತಿಂಗಳಲ್ಲಿ ಮೇಜು ಕಿಟಕಿಯ ಬಳಿ ಇತ್ತು, ಕಾಳಿ ನದಿ ಕಡೆಯ ಗಾಳಿ ಬರುತ್ತಿತ್ತು. ಈಗ ಕಿಟಕಿ ಮುಚ್ಚಿದೆ, ಪೆಟ್ಟಿಗೆಯ ಬೆನ್ನು ಎರಡು ಗೋಡೆಗಳ ಮೂಲೆಗೆ ತಾಗಿದೆ. ಹಿಂದಿನಿಂದ ಹೊರಹೋದ ಬಿಸಿಗಾಳಿ ಗೋಡೆಗೆ ಬಡಿದು ಮುಂದಿನಿಂದ ಒಳಗೆ ಬರುತ್ತದೆ. ಮೂಲೆ ಕಾದು ಬಿಸಿಯಾಗಲು 20 ನಿಮಿಷ ಬೇಕು, ನೀವು ಕೊಟ್ಟ ಲೆಕ್ಕವೂ ಅಷ್ಟೇ.

ಪರೀಕ್ಷೆಗೆ ಖರ್ಚಿಲ್ಲ. ಆಫ್ಟರ್‌ಬರ್ನರ್‌ನಲ್ಲಿ ರೀಸೆಟ್ ಒತ್ತಿ, ಎಲ್ಲ ಸೊನ್ನೆ ಮಾಡಿ. ಬೇಸರವಾಗುತ್ತದೆ, ಗೊತ್ತು. ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು, ಗೋಡೆಯಿಂದ ಒಂದು ಮೊಳ ಎಳೆದು, ಮನೆಯ ಟೇಬಲ್ ಫ್ಯಾನ್ ನೇರ ಅದರ ಮೇಲೆ ತಿರುಗಿಸಿ. ಒಂದೇ ಆಟ, ಒಂದೇ ಜಾಗ, ಅರ್ಧ ಗಂಟೆ. ಕುಸಿತ ಬರದಿದ್ದರೆ ಕಳ್ಳ ಸಿಕ್ಕ ಹಾಗೆ. ಆಮೇಲೆ ಮೆಮೊರಿಯನ್ನು ನೂರು ನೂರರಂತೆ ಏರಿಸುತ್ತ ಪ್ರತಿ ಮೆಟ್ಟಿಲಲ್ಲೂ ಎಫ್‌ಪಿಎಸ್ ಬರೆದುಕೊಳ್ಳಿ. ಒಂದು ಮೆಟ್ಟಿಲಲ್ಲಿ ಏರಿಕೆ ನಿಲ್ಲುತ್ತದೆ, ಮುಂದಿನದರಲ್ಲಿ ಇಳಿಯುತ್ತದೆ. ಇಳಿದದ್ದಕ್ಕಿಂತ ಎರಡು ಮೆಟ್ಟಿಲು ಕೆಳಗೆ ನಿಲ್ಲಿಸಿ, ಅದನ್ನೂ ಮುಂದಿನ ಬೇಸಿಗೆಯಲ್ಲಿ ಮತ್ತೆ ನೋಡಿ. ಮದ್ದಳೆಗೆ ಒಮ್ಮೆ ಶ್ರುತಿ ಮಾಡಿ ವರ್ಷವಿಡೀ ಬಾರಿಸುವವರನ್ನು ನಮ್ಮ ಜಿಲ್ಲೆಯಲ್ಲಿ ನೀವು ನೋಡಿದ್ದೀರಾ?

ನನ್ನನ್ನು ಕೇಳಿದರೆ ಈ ಕಾರ್ಡಿಗೆ ಏರಿಸುವುದಕ್ಕಿಂತ ಇಳಿಸುವುದು ಒಳ್ಳೆಯದು. ಪವರ್ ಲಿಮಿಟ್ ಶೇಕಡಾ 85ಕ್ಕೆ ಇಟ್ಟರೆ 290 ವಾಟ್‌ನ ಕಾರ್ಡ್ ಸುಮಾರು 245ಕ್ಕೆ ನಿಲ್ಲುತ್ತದೆ. ಆಟದಲ್ಲಿ ಕಳೆದುಕೊಳ್ಳುವುದು ಕೆಲವೇ ಎಫ್‌ಪಿಎಸ್, ಮೂಲೆಯ ಬಿಸಿ ಇಳಿಯುವುದು ಕೈಗೇ ಗೊತ್ತಾಗುತ್ತದೆ.

ಪ್ಯಾಡ್ ಬದಲಿಸುವ ಆಸೆ ಬಂದರೆ ಒಂದು ಎಚ್ಚರಿಕೆ. ಮೂರು ವರ್ಷದ ಹಿಂದೆ ನಾನೇ ಶಿರಸಿಯ ಈ ಕಚೇರಿಯ ಮೇಜಿನ ಮೇಲೆ ನನ್ನ ಕಾರ್ಡ್ ಬಿಚ್ಚಿ, 1 ಮಿಲಿಮೀಟರ್ ಇರಬೇಕಾದಲ್ಲಿ ‘ದಪ್ಪ ಇದ್ದರೆ ಒಳ್ಳೆಯದಲ್ಲವೇ’ ಎಂದು ಒಂದೂವರೆಯದು ಅಂಟಿಸಿದೆ. ಮೆಮೊರಿ ತಣ್ಣಗಾಯಿತು. ಹೀಟ್‌ಸಿಂಕ್ ಎತ್ತಿಕೊಂಡು ಚಿಪ್ಪಿಗೇ ಸರಿಯಾಗಿ ತಾಗದೆ ಅದು 90 ಮುಟ್ಟಿತು. ಮತ್ತೆ ಬಿಚ್ಚಿದೆ, ಒಂದು ಸ್ಕ್ರೂ ಕಳೆದೆ. ಅದು ಸಿಕ್ಕಿದ್ದು ಆರು ತಿಂಗಳ ಮೇಲೆ, ಹಳೆಯ ಸಂಚಿಕೆಗಳ ಕಟ್ಟಿನಲ್ಲಿ. ನಿಮ್ಮ ಮಾದರಿಗೆ ಯಾವ ದಪ್ಪ ಎಂಬುದು ಖಾತ್ರಿಯಾಗದೆ ಸ್ಕ್ರೂಡ್ರೈವರ್ ಮುಟ್ಟಬೇಡಿ.

ಅಂಗಡಿಯವರ ಮಾತಿಗೆ ಬಂದರೆ, ಪವರ್ ಸಪ್ಲೈ ಸೋತಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಸಾವಕಾಶ ಎಫ್‌ಪಿಎಸ್ ಇಳಿಸುವಷ್ಟು ಸೌಜನ್ಯ ಅದಕ್ಕಿಲ್ಲ. ನಿಮ್ಮದು 750 ವಾಟ್, ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದೂ ಅಷ್ಟನ್ನೇ. ಕಾರ್ಡಿನ ಎರಡು 8 ಪಿನ್ ಕಿಂಡಿಗಳಿಗೆ ಎರಡು ಬೇರೆ ಕೇಬಲ್ ಹೋಗಿವೆಯೇ, ಒಂದೇ ಕೇಬಲ್ಲಿನ ಕವಲೇ ಎಂದು ನೋಡಿಕೊಳ್ಳಿ, ಸಾಕು. ಒಂದು ಕಿಂಡಿಯ ಲೆಕ್ಕ 150 ವಾಟ್. ಮನೆಯ 600 ವಿಎ ಯುಪಿಎಸ್ ಮೇಲೆ ಇದನ್ನು ಆಡಿಸುವುದನ್ನು ಬಿಟ್ಟುಬಿಡಿ, ಅಂಥ ಯುಪಿಎಸ್ ಸಾಮಾನ್ಯವಾಗಿ ಕೊಡುವುದೇ 360 ವಾಟ್.

ನಿಮ್ಮ ಅಣ್ಣನ ಮಾತು ಅರ್ಧ ಸರಿ. ಉಪ್ಪು ಕಾರ್ಡನ್ನು ಒಂದು ಮಳೆಗಾಲದಲ್ಲಿ ತಿನ್ನುವುದಿಲ್ಲ, ಆದರೆ ಊಟಕ್ಕೆ ಕುಳಿತಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಜುಲೈನಲ್ಲಿ ಡಬ್ಬದ ಉಪ್ಪು ಒದ್ದೆಯಾಗುವುದು ಹಾಗೆಯೇ. ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಕುಳಿತ ಸಮುದ್ರದ ಉಪ್ಪೂ ಅದನ್ನೇ ಮಾಡುತ್ತದೆ, ಧೂಳು ಅದಕ್ಕೆ ಅಂಟಿ ಕೆಸರಾಗುತ್ತದೆ. ಘಟ್ಟದ ಮೇಲಿನ ನಮಗೆ ಬೂಷ್ಟು ಮಾತ್ರ, ನಿಮಗೆ ಬೂಷ್ಟು ಮತ್ತು ಉಪ್ಪು ಎರಡೂ. ಮೆತ್ತನೆಯ ಬ್ರಷ್, ಅಂಟಿದ ಕಡೆ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಒರೆಸಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ, ಆ ಟ್ಯಾಂಕಿನಲ್ಲಿ ನೀರು ನಿಂತಿರುತ್ತದೆ. ಪರೀಕ್ಷೆ ಬಂತೆಂದು ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಸಿ ತಿಂಗಳು ಮುಚ್ಚಿಡುವುದಂತೂ ಬೇಡವೇ ಬೇಡ. ರೇಷ್ಮೆ ಸೀರೆಯ ಕಪಾಟಿನಲ್ಲಿ ಬಲ್ಬ್ ಉರಿಸುವ ನಮ್ಮ ಹಳೆಯ ಉಪಾಯ ಇದಕ್ಕೂ ಸಲ್ಲುತ್ತದೆ: ದಿನಕ್ಕೊಂದು ಗಂಟೆ ಓಡಿಸಿದರೆ ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಓದುವಾಗ ಒಂದು ಗಂಟೆ ಆಡಲು ಸಂಪಾದಕರೇ ಹೇಳಿದ್ದಾರೆ ಎಂದು ಅಮ್ಮನಿಗೆ ಈ ಪುಟ ತೋರಿಸಬೇಡಿ.

ಮುಂದಿನ ಪತ್ರದಲ್ಲಿ ಎಫ್‌ಪಿಎಸ್ ಸರಾಸರಿ ಬರೆಯುವುದು ಬೇಡ. ಟಾಸ್ಕ್ ಮ್ಯಾನೇಜರ್ ತೋರಿಸಿದ ರ್‍ಯಾಮ್ ವೇಗ, ಅರ್ಧ ಗಂಟೆ ಆಡಿದ ಮೇಲಿನ ಮೆಮೊರಿ ಜಂಕ್ಷನ್ ತಾಪ, ಫ್ಯಾನ್ ಇಟ್ಟು ಮತ್ತು ಇಡದೆ. ಈ ಮೂರು ಅಂಕಿ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುತ್ತವೆ.

— ಸಂ.