ಆನ್‌ಬೋರ್ಡ್ ಗ್ರಾಫಿಕ್ಸ್ ಆಫ್ ಮಾಡಬೇಡಿ, ಅದೇ ನಿಮ್ಮ ಸಾಕ್ಷಿ

ಪ್ರಶ್ನೆ: ಮೂರು ವಾರದ ಹಿಂದೆ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಂಡೆ. 8 ಪಿನ್ನಿನ ಪವರ್ ಕೇಬಲ್ ಬೇಕಾಗುವ ಕಾರ್ಡು. ಬರೀ ಡೆಸ್ಕ್‌ಟಾಪ್ ತೆರೆದಿಟ್ಟರೆ ದಿನವಿಡೀ ಏನೂ ಆಗುವುದಿಲ್ಲ. ಗೇಮ್ ಶುರುಮಾಡಿದ ಹತ್ತು ನಿಮಿಷಕ್ಕೆ ನೇರಳೆ ಬಣ್ಣದ ಚೌಕಗಳು ಮೂಡುತ್ತವೆ, ಸ್ಕ್ರೀನ್ ಕಪ್ಪಾಗಿ ಎರಡು-ಮೂರು ಸೆಕೆಂಡಿನಲ್ಲಿ ಮರಳುತ್ತದೆ. ಕೆಲವು ಸಲ ಹೀಗಾದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು, ‘ಕೋಡ್ 43’. ಮಾರಿದವರು “ನನ್ನ ಹತ್ತಿರ ಚೆನ್ನಾಗಿಯೇ ಇತ್ತು. ನಿಮ್ಮ ಆನ್‌ಬೋರ್ಡ್ ಗ್ರಾಫಿಕ್ಸ್ ಅಡ್ಡ ಬರುತ್ತಿದೆ, ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿ” ಅನ್ನುತ್ತಾರೆ. ಮಾಡಲೇ ಸರ್?

ಉತ್ತರ: ಬೇಡ. ದಯವಿಟ್ಟು ಈಗ ಅದಕ್ಕೆ ಕೈ ಹಾಕಬೇಡಿ. ಆನ್‌ಬೋರ್ಡ್ ಅಂದರೆ ಬೇರೆ ಕಾರ್ಡ್ ಇಲ್ಲದೆಯೂ ಚಿತ್ರ ತೋರಿಸಲು ಕಂಪ್ಯೂಟರಿನಲ್ಲೇ ಇರುವ ಗ್ರಾಫಿಕ್ಸ್.

ಹಲವು ವರ್ಷಗಳ ಹಿಂದೆ ಇಂಥದೇ ಮಾತು ಕೇಳಿ ನಾನು ಆಫ್ ಮಾಡಿದ್ದೆ. ಮರುದಿನವೇ ಕಾರ್ಡ್ ಪೂರ್ತಿ ಸತ್ತುಹೋಯಿತು. ಹಾಕಿದ ಸೆಟ್ಟಿಂಗ್ ತೆಗೆಯೋಣವೆಂದರೆ ಬಯಾಸ್ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ನೋಡಲಿಕ್ಕೂ ಸ್ಕ್ರೀನ್ ಇಲ್ಲ. ಕಾರ್ಡ್ ಕಿತ್ತು, ಮದರ್‌ಬೋರ್ಡಿನ ಗುಂಡು ಬ್ಯಾಟರಿ ತೆಗೆದು, ಬಯಾಸ್ ರೀಸೆಟ್ ಮಾಡಿದ ಮೇಲೆಯೇ ಕಂಪ್ಯೂಟರ್ ಮುಖ ತೋರಿಸಿದ್ದು. ಅಂದಿನಿಂದ ನನ್ನ ಟೇಬಲ್ಲಿಗೆ ಅನುಮಾನದ ಕಾರ್ಡ್ ಬಂದರೆ ಮೊದಲು ನೋಡುವುದು ಆನ್‌ಬೋರ್ಡ್ ಎಚ್ಚರವಾಗಿದೆಯೇ ಎಂದು.

ಎರಡು ಗ್ರಾಫಿಕ್ಸ್ ಒಂದೇ ಯಂತ್ರದಲ್ಲಿ ಇರುವುದು ಜಗಳವಲ್ಲ. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಹಾಗೆಯೇ ನಡೆಯುತ್ತವೆ. ಮೊದಲ ಚಿತ್ರ ಯಾರು ಕೊಡಬೇಕು ಎಂಬ ಬಯಾಸ್ ಸೆಟ್ಟಿಂಗ್ ತಪ್ಪಿದ್ದರೆ ಆನ್ ಮಾಡಿದಾಗಲೇ ಸ್ಕ್ರೀನ್ ಕಪ್ಪಾಗಿರುತ್ತದೆ, ಗೇಮ್ ಆಡಿ ಹತ್ತು ನಿಮಿಷವಾದ ಮೇಲಲ್ಲ. ಕೋಡ್ 43 ಹೇಳುವುದಿಷ್ಟೇ: ಈ ಸಾಧನ ತನಗೆ ತೊಂದರೆಯಿದೆ ಎಂದಿತು, ವಿಂಡೋಸ್ ಅದನ್ನು ನಿಲ್ಲಿಸಿತು. ಸ್ಕ್ರೀನ್ ಕಪ್ಪಾಗಿ ಮರಳುವುದೂ ಅದೇ ಕಥೆ. ಕಾರ್ಡ್ 2 ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರನ್ನು, ರೀಸೆಟ್ ಮಾಡುತ್ತದೆ.

ಈಗ ಆನ್‌ಬೋರ್ಡನ್ನು ಸಾಕ್ಷಿಯಾಗಿ ನಿಲ್ಲಿಸಿ. (ಹೆಸರು ಆನ್‌ಬೋರ್ಡ್ ಎಂದಿದ್ದರೂ ಈಗ ಅದು ಇರುವುದು ಪ್ರೊಸೆಸರ್ ಒಳಗೆ. ಇಂಟೆಲ್ ಪ್ರೊಸೆಸರಿನ ಹೆಸರು ‘ಎಫ್’ ಅಕ್ಷರದಿಂದ ಮುಗಿದರೆ ಅದು ಇರುವುದೇ ಇಲ್ಲ, ಅದನ್ನು ಮೊದಲು ನೋಡಿಕೊಳ್ಳಿ.) ಮಾನಿಟರ್ ಕೇಬಲನ್ನು ಕಾರ್ಡಿನಿಂದ ತೆಗೆದು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ. ಕಾರ್ಡ್ ಸ್ಲಾಟಿನಲ್ಲೇ ಇರಲಿ. ಚಿತ್ರ ಬರದಿದ್ದರೆ ಕೇಬಲನ್ನು ಮತ್ತೆ ಕಾರ್ಡಿಗೆ ಹಾಕಿ ಬಯಾಸ್‌ಗೆ ಹೋಗಿ, ‘ಐಜಿಪಿಯು ಮಲ್ಟಿ ಮಾನಿಟರ್’ ಎಂಬಂಥ ಆಯ್ಕೆಯನ್ನು ಆನ್ ಮಾಡಿ (ಐಜಿಪಿಯು ಅಂದರೆ ಆನ್‌ಬೋರ್ಡ್ ಗ್ರಾಫಿಕ್ಸೇ). ಕಾರ್ಡ್ ಹಾಕಿದ ತಕ್ಷಣ ಎಷ್ಟೋ ಬೋರ್ಡುಗಳು ಆನ್‌ಬೋರ್ಡನ್ನು ತಾವೇ ಮಲಗಿಸಿಬಿಡುತ್ತವೆ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ತೆರೆದು ನಿಮ್ಮ ಗೇಮಿಗೆ ‘ಹೈ ಪರ್ಫಾರ್ಮೆನ್ಸ್’ ಆರಿಸಿ. ಈಗ ಡೆಸ್ಕ್‌ಟಾಪ್ ಬಿಡಿಸುವುದು ಆನ್‌ಬೋರ್ಡ್, ಗೇಮ್ ಬಿಡಿಸುವುದು ಕಾರ್ಡ್. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಪರೀಕ್ಷೆಗೆ ಅದು ಲೆಕ್ಕಕ್ಕಿಲ್ಲ.

ಗೇಮನ್ನು ಪೂರ್ತಿ ಸ್ಕ್ರೀನಿನಲ್ಲಿ ಅಲ್ಲ, ಕಿಟಕಿಯಲ್ಲಿ ಓಡಿಸಿ. ನೇರಳೆ ಚೌಕಗಳು ಆ ಕಿಟಕಿಯೊಳಗೆ ಮಾತ್ರ ಮೂಡಿ ಕೆಳಗಿನ ಟಾಸ್ಕ್‌ಬಾರ್ ಶುಭ್ರವಾಗಿ ಉಳಿದರೆ ಮಾನಿಟರ್ ನಿರಪರಾಧಿ, ಕೇಬಲ್ಲೂ ನಿರಪರಾಧಿ. ಚೌಕ ಕಂಡಾಗ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲೂ ಚೌಕಗಳಿದ್ದರೆ ಚಿತ್ರ ಕೆಡುತ್ತಿರುವುದು ಕಂಪ್ಯೂಟರಿನ ಒಳಗೇ. ಇಷ್ಟು ಸ್ಪಷ್ಟವಾದ ಪುರಾವೆ, ಆನ್‌ಬೋರ್ಡ್ ಆಫ್ ಮಾಡಿದ್ದರೆ ನಿಮಗೆ ಸಿಗುತ್ತಿರಲಿಲ್ಲ.

ಡ್ರೈವರನ್ನೂ ಒಮ್ಮೆ, ಒಮ್ಮೆ ಮಾತ್ರ, ಸ್ವಚ್ಛ ಮಾಡಿ. ಇಂಟರ್ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ಅಳಿಸುವ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಓಡಿಸಿ, ಡ್ರೈವರನ್ನು ಹೊಸದಾಗಿ ಹಾಕಿ. ಆಮೇಲೂ ಚೌಕ ಬಂದರೆ ಡ್ರೈವರ್ ಬದಲಿಸುತ್ತಾ ವಾರ ಕಳೆಯಬೇಡಿ.

ಪವರ್ ವಿಷಯ: ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್, 8 ಪಿನ್ನಿನಿಂದ 150 ವ್ಯಾಟ್. ಆ 8 ಪಿನ್ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ) ನೇರವಾಗಿ ಬಂದಿದೆಯೋ, ಹಳೆಯ ಹಾರ್ಡ್ ಡಿಸ್ಕ್ ಕನೆಕ್ಟರಿಗೆ ಅಡಾಪ್ಟರ್ ಸಿಕ್ಕಿಸಿ ಮಾಡಿದ್ದೋ ನೋಡಿ. ಅಡಾಪ್ಟರ್ ಆಗಿದ್ದರೆ ಇಂದೇ ತೆಗೆದುಹಾಕಿ, ಅಂಥವು ಕಂದುಬಣ್ಣಕ್ಕೆ ಸುಟ್ಟು ನಿಂತದ್ದನ್ನು ನೋಡಿದ್ದೇನೆ. ಆದರೂ ಎಸ್‌ಎಂಪಿಎಸ್ ಸೋತರೆ ಸಾಮಾನ್ಯವಾಗಿ ಇಡೀ ಕಂಪ್ಯೂಟರ್ ಆರಿಹೋಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ. ನಿಮ್ಮದು ಆರುತ್ತಿಲ್ಲ. ಹಾಗಾಗಿ ನನ್ನ ಅನುಮಾನ ಕಾರ್ಡಿನ ಮೆಮೊರಿ ಚಿಪ್‌ಗಳ ಮೇಲೆ.

ಅದನ್ನು ಪರೀಕ್ಷಿಸುವ ದಾರಿಯಿದೆ. ಕಾರ್ಡಿನ ವೇಗ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರಿನಲ್ಲಿ ಮೆಮೊರಿ ಕ್ಲಾಕನ್ನು (ಮೆಮೊರಿಯ ವೇಗವನ್ನು) 300 ಮೆಗಾಹರ್ಟ್ಸ್‌ನಷ್ಟು ಇಳಿಸಿ ಅದೇ ಗೇಮ್ ಆಡಿ. ಚೌಕಗಳು ಮಾಯವಾದರೆ, ತಡವಾಗಿ ಬಂದರೆ, ಮೆಮೊರಿ ತನ್ನ ಸ್ವಂತ ವೇಗವನ್ನೇ ತಾಳುತ್ತಿಲ್ಲ ಎಂದರ್ಥ. ಕಾರ್ಡಿನ ಸ್ಥಿತಿ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರನ್ನು ತೆರೆದಿಟ್ಟು ಬಿಸಿಯನ್ನೂ ಫ್ಯಾನಿನ ವೇಗವನ್ನೂ ಗಮನಿಸಿ. ಚಿಪ್‌ಗಳ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪ್ಯಾಡ್ ಒಣಗಿದ್ದರೂ ಹೀಗಾಗುತ್ತದೆ, ಅದು ಬದಲಿಸಬಹುದಾದ ವಸ್ತು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಮ್ ಎಂಬ ಡಿಜಿಟಲ್ ಹಣದ ಜಾಲ ಗ್ರಾಫಿಕ್ಸ್ ಕಾರ್ಡುಗಳ ಮೈನಿಂಗ್ (ಕಾರ್ಡಿನಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸುವುದು) ಕೈಬಿಡುವವರೆಗೆ ಹಗಲುರಾತ್ರಿ ದುಡಿದ ಕಾರ್ಡುಗಳು ಇನ್ನೂ ಕೈ ಬದಲಿಸುತ್ತಿವೆ. ಅವುಗಳಲ್ಲಿ ಕೆಲವಕ್ಕೆ ಬಯಾಸನ್ನೇ (ಮದರ್‌ಬೋರ್ಡಿನದಲ್ಲ, ಕಾರ್ಡಿನೊಳಗೇ ಇರುವ ಅದರ ಸ್ವಂತ ಬಯಾಸ್) ತಿದ್ದಿರುತ್ತಾರೆ. ಕಾರ್ಡಿನ ಅಂಚಿನಲ್ಲಿ ಪುಟ್ಟ ಸ್ವಿಚ್ ಇದ್ದರೆ ಕಂಪ್ಯೂಟರ್ ಆಫ್ ಮಾಡಿ ಅದನ್ನು ಆಚೆ ಬದಿಗೆ ಸರಿಸಿ ನೋಡಿ, ಎರಡನೆಯ ಬಯಾಸ್ ಇರಬಹುದು.

ಓವನ್ನಿನಲ್ಲಿ ಕಾಯಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಅಷ್ಟರಲ್ಲಿ ಪ್ಲಾಸ್ಟಿಕ್ ಕನೆಕ್ಟರ್, ಕೆಪಾಸಿಟರ್‌ಗಳೂ ಹಾಳಾಗಬಹುದು. ಕಾರ್ಡನ್ನು ಹಿಂದಿರುಗಿಸುವ ನಿಮ್ಮ ಹಕ್ಕೂ ಅಲ್ಲಿಗೆ ಮುಗಿಯುತ್ತದೆ.

ಚೌಕ ತುಂಬಿದ ಗೇಮಿನ ಕಿಟಕಿ, ಪಕ್ಕದಲ್ಲಿ ಶುಭ್ರವಾದ ಟಾಸ್ಕ್‌ಬಾರ್, ಎರಡೂ ಕಾಣುವಂತೆ ಫೋನಿನಲ್ಲಿ ವಿಡಿಯೊ ಮಾಡಿ ಮಾರಿದವರಿಗೆ ತೋರಿಸಿ. ಅವರು ಸುಳ್ಳು ಹೇಳುತ್ತಿದ್ದಾರೆಂದು ಮೊದಲೇ ತೀರ್ಮಾನಿಸಬೇಡಿ, ಅವರು ಗೇಮ್ ಆಡದೆ ಬರೀ ಡೆಸ್ಕ್‌ಟಾಪ್ ಬಳಸಿದ್ದಿರಬಹುದು. ಅವರದೇ ಕಂಪ್ಯೂಟರಿಗೆ ಕಾರ್ಡ್ ಹಾಕಿ, ನಿಮ್ಮ ಎದುರೇ, ಅದೇ ಗೇಮನ್ನು ಅರ್ಧ ಗಂಟೆ ಓಡಿಸಲು ಕೇಳಿ. ಅಲ್ಲೂ ಚೌಕ ಬಂದರೆ ಹಣ ಹಿಂದಕ್ಕೆ ಕೇಳಲು ಬೇರೆ ಮಾತು ಬೇಕಿಲ್ಲ. ಬಾರದಿದ್ದರೆ ನನಗೆ ಮತ್ತೆ ಬರೆಯಿರಿ. ನಿಮ್ಮ ಎಸ್‌ಎಂಪಿಎಸ್ ಲೇಬಲ್ಲಿನಲ್ಲಿ ‘12 ವೋಲ್ಟ್’ ಎಂದು ಬರೆದಿರುವುದರ ಕೆಳಗಿನ ಆಂಪಿಯರ್ ಅಂಕಿಯನ್ನೂ ಬರೆದು ಕಳಿಸಿ.